ಕೋಣೆ ಸೋರುತ್ತಿದೆ, ಬಾಡಿಗೆ ಇಳಿಸಿ ಎನ್ನುತ್ತಾರೆ: ಮನೆ ಮಾಲೀಕರು ಏನು ಮಾಡಬೇಕು?

ಪ್ರಶ್ನೆ: ಮಂಗಳೂರಿನ ಬಿಜೈಯಲ್ಲಿ ನಮ್ಮದು ಮುರಕಲ್ಲಿನ ಹಳೇ ಮನೆ. ಕೆಳಗೆ ನಾನು ಮತ್ತು ಅತ್ತೆ ಇದ್ದೇವೆ, ಗಂಡ ದುಬೈಯಲ್ಲಿದ್ದಾರೆ. ಮನೆ ನನ್ನ ಹೆಸರಿನಲ್ಲಿದೆ. ಮೇಲಿನ ಎರಡು ಬೆಡ್‌ರೂಮಿನ ಮನೆಯನ್ನು ಕಳೆದ ನವೆಂಬರ್ 1ರಿಂದ 11 ತಿಂಗಳ ಕರಾರಿನ ಮೇಲೆ ಒಂದು ಕುಟುಂಬಕ್ಕೆ ಕೊಟ್ಟಿದ್ದೇವೆ. ಬಾಡಿಗೆ 14,000 ರೂಪಾಯಿ, ಅಡ್ವಾನ್ಸ್ 50,000. ಜೂನ್ ಕೊನೆಗೆ ಒಂದು ಬೆಡ್‌ರೂಮಿನ ಗೋಡೆಯಲ್ಲಿ ನೀರು ಇಳಿಯುತ್ತಿದೆ ಎಂದು ವಾಟ್ಸಾಪ್ ಮಾಡಿದರು. ಮಳೆ ಬಿಟ್ಟ ಮೇಲೆ ನೋಡುವ ಎಂದೆ. ಜುಲೈ ಮತ್ತು ಆಗಸ್ಟ್‌ನಲ್ಲಿ ಅವರಷ್ಟಕ್ಕೆ 10,000 ಮಾತ್ರ ಹಾಕಿದ್ದಾರೆ. ಹಿಂದಿನ ರಸ್ತೆಯ ಫ್ಲಾಟ್‌ನಲ್ಲಿ ಇಷ್ಟೇ ದೊಡ್ಡ ಮನೆ 11,000ಕ್ಕೆ ಸಿಗುತ್ತದಂತೆ, ಅವರ ಕಂಪನಿಯಲ್ಲಿ ಸಂಬಳವೂ ತಡವಾಗುತ್ತಿದೆಯಂತೆ. ಇನ್ನು ಮುಂದೆ 10,000 ಮಾತ್ರ, ಒಪ್ಪದಿದ್ದರೆ ರೆಂಟ್ ಕಂಟ್ರೋಲ್‌ಗೆ ಹೋಗುತ್ತೇನೆ ಎನ್ನುತ್ತಾರೆ. ನನ್ನ ತಮ್ಮ, ಪಂಪ್ ಬಂದ್ ಮಾಡು, ಅಡ್ವಾನ್ಸ್‌ನಿಂದ ಮುರಿದುಕೋ, ತಾನಾಗಿ ಹೋಗುತ್ತಾರೆ ಎನ್ನುತ್ತಾನೆ. ಬಾಡಿಗೆ ಇಳಿಸಲೇಬೇಕಾ? ಅವರನ್ನು ಬಿಡಿಸಬಹುದಾ?

ಉತ್ತರ: ನಿಮ್ಮ ಜಗಳದೊಳಗೆ ಮೂರು ಬೇರೆ ಬೇರೆ ವಿಷಯಗಳಿವೆ. ಕೋಣೆ ಸೋರುತ್ತಿದೆ ಎನ್ನುವುದು ಒಂದು. ಹಿಂದಿನ ರಸ್ತೆಯಲ್ಲಿ ಬಾಡಿಗೆ ಕಡಿಮೆ ಎನ್ನುವುದು ಇನ್ನೊಂದು. ಸಂಬಳ ತಡ ಎನ್ನುವುದು ಮೂರನೆಯದು. ಬಾಡಿಗೆದಾರರು ಮೂರನ್ನೂ ಒಂದೇ ಗಂಟು ಕಟ್ಟಿ 4,000 ಹಿಡಿದಿದ್ದಾರೆ. ನೀವು ಇಡೀ ಗಂಟನ್ನೇ ಬೇಡ ಎನ್ನುತ್ತಿದ್ದೀರಿ. ಹೀಗಾದರೆ ಇದು ಬಗೆಹರಿಯುವುದಿಲ್ಲ. ಮೊದಲು ಗಂಟು ಬಿಚ್ಚಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸೋರುವ ಕೋಣೆಯ ಮಟ್ಟಿಗೆ ಅವರ ಮಾತು ಸರಿ. ಆ ಭಾಗವನ್ನು ಚೌಕಾಸಿ ಮಾಡದೆ ಕೊಟ್ಟುಬಿಡಿ. ಹಿಂದಿನ ರಸ್ತೆಯ ಬಾಡಿಗೆ ಎಷ್ಟು ಎನ್ನುವುದು ಕರಾರು ಮುಗಿಯುವಾಗ ಕೂತು ಮಾತಾಡುವ ವಿಷಯ. ಅದಕ್ಕಾಗಿ ಮಧ್ಯದಲ್ಲಿ ಬಾಡಿಗೆ ಮುರಿಯುವ ಹಕ್ಕು ಅವರಿಗಿಲ್ಲ. ಸಂಬಳ ತಡವಾದರೆ ನೀವು ಸಮಯ ಕೊಡಬಹುದು, ದುಡ್ಡು ಬಿಡಬೇಕೆಂದಿಲ್ಲ.

ನಿಮ್ಮ ತಮ್ಮ ಹೇಳಿದ್ದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಅಕ್ಕನ ಮೇಲಿನ ಕಾಳಜಿಯಿಂದ ಹೇಳಿರಬಹುದು, ಆದರೆ ಪಂಪ್ ಬಂದ್ ಮಾಡಿದ ದಿನವೇ ಇಡೀ ಪ್ರಕರಣ ತಿರುಗಿಬಿಡುತ್ತದೆ. ಇವತ್ತಿನವರೆಗೆ ಬಾಡಿಗೆ ಕಡಿಮೆ ಹಾಕಿದವರು ಅವರು, ವಿವರಣೆ ಕೊಡಬೇಕಾದವರೂ ಅವರು. ನೀರು ನಿಲ್ಲಿಸಿದರೆ ವಿವರಣೆ ಕೊಡಬೇಕಾದವರು ನೀವಾಗುತ್ತೀರಿ. ಅವರು ಸಿವಿಲ್ ಕೋರ್ಟಿಗೆ ಹೋಗಿ ತಡೆಯಾಜ್ಞೆ ಕೇಳಬಹುದು. ಮನೆಯಲ್ಲಿ ಮಕ್ಕಳೋ ವಯಸ್ಸಾದವರೋ ಇದ್ದರಂತೂ ನಿಮ್ಮ ಪರವಾಗಿ ಮಾತಾಡುವುದು ಯಾವ ವಕೀಲರಿಗೂ ಕಷ್ಟ. ಬೀಗ ಬದಲಿಸುವುದು, ಸಾಮಾನು ಹೊರಗಿಡುವುದು ಇನ್ನೂ ಕೆಟ್ಟದ್ದು. ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಂತೆ ಆರು ತಿಂಗಳೊಳಗೆ ದಾವೆ ಹಾಕಿ ಅವರು ಮತ್ತೆ ಒಳಗೆ ಬರಬಹುದು. ಅಲ್ಲಿ ಮಾಲೀಕರು ಯಾರು ಎಂಬ ಪ್ರಶ್ನೆಯನ್ನು ಕೋರ್ಟ್ ಎತ್ತಿಕೊಳ್ಳುವುದೇ ಇಲ್ಲ. ಸ್ವಾಧೀನ ಯಾರದಿತ್ತು, ಹೇಗೆ ತಪ್ಪಿತು ಎಂದಷ್ಟೇ ನೋಡುತ್ತದೆ.

ಅಡ್ವಾನ್ಸ್‌ನಿಂದ ಮುರಿದುಕೊಳ್ಳುವುದೂ ಈಗ ಬೇಡ. ಅಡ್ವಾನ್ಸ್ ಇರುವುದು ಮನೆ ಬಿಡುವಾಗಿನ ಲೆಕ್ಕಕ್ಕೆ. ಬಾಕಿ ಬಾಡಿಗೆ, ಕರೆಂಟ್ ಬಿಲ್, ಒಡೆದು ಹೋದ ಸಾಮಾನು, ಎಲ್ಲ ಅಲ್ಲಿ ಬರುತ್ತದೆ. ಈಗಲೇ ಅದಕ್ಕೆ ಕೈ ಹಾಕಿದರೆ ನಿಮ್ಮ ಭದ್ರತೆ ನೀವೇ ಕರಗಿಸಿದಂತೆ. ಬಾಡಿಗೆದಾರರಿಗೂ ಇದೇ ಮಾತು. ಕೊನೆಯ ಎರಡು ತಿಂಗಳು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ ಎಂದು ಅವರಷ್ಟಕ್ಕೆ ತೀರ್ಮಾನಿಸುವಂತಿಲ್ಲ.

ಈಗ ನಿಜವಾಗಿ ಅವಸರದ ವಿಷಯಕ್ಕೆ ಬರುತ್ತೇನೆ. ಎರಡು ತಿಂಗಳು 10,000 ಬಂತು. ನೀವು ಅದಕ್ಕೆ ಲಿಖಿತವಾಗಿ ಏನಾದರೂ ಉತ್ತರ ಕೊಟ್ಟಿದ್ದೀರಾ? ಪತ್ರದಲ್ಲಿ ಅದರ ಮಾತೇ ಇಲ್ಲ. ಮಾತಿನಲ್ಲಿ ಬೈದಿರಬಹುದು, ಆದರೆ ಬರಹದಲ್ಲಿ ಸುಮ್ನೆ ಇದ್ದರೆ ಅಪಾಯವಿದೆ. 1872ರ ಭಾರತೀಯ ಕರಾರು ಕಾಯ್ದೆಯ 63ನೇ ಕಲಂ ಏನು ಹೇಳುತ್ತದೆ ಗೊತ್ತಾ? ಬರಬೇಕಾದ ಹಣಕ್ಕಿಂತ ಕಡಿಮೆ ಹಣವನ್ನು ಪೂರ್ತಿ ತೀರುವಳಿ ಎಂದು ಒಪ್ಪಿ ತೆಗೆದುಕೊಂಡರೆ ಸಾಲವೆಲ್ಲ ತೀರಿದಂತೆ. ಕಾಯ್ದೆಯೊಳಗೇ ಉದಾಹರಣೆ ಕೊಟ್ಟಿದ್ದಾರೆ: 5,000 ರೂಪಾಯಿ ಸಾಲಕ್ಕೆ 2,000 ಕೊಟ್ಟು, ಸಾಲ ಕೊಟ್ಟವನು ಅದನ್ನು ಪೂರ್ತಿ ತೀರುವಳಿ ಎಂದು ಒಪ್ಪಿಕೊಂಡರೆ, ಉಳಿದ 3,000 ಕೇಳುವಂತಿಲ್ಲ. ಬರೀ ಮೌನವನ್ನೇ ಒಪ್ಪಿಗೆ ಎನ್ನಲು ಬರುವುದಿಲ್ಲ, ನಿಜ. ಆದರೆ ತಿಂಗಳು ತಿಂಗಳು 10,000 ಬಂದು, ನೀವು ಒಂದು ಸಾಲೂ ಬರೆಯದಿದ್ದರೆ, ಮಾಲೀಕರು ಹೊಸ ಬಾಡಿಗೆಗೆ ಒಪ್ಪಿದ್ದರು ಎಂದು ನಾಳೆ ಅವರು ವಾದಿಸಬಹುದು.

ಹಣ ನೇರವಾಗಿ ಖಾತೆಗೆ ಬರುವ ಕಾಲ ಇದು. ಬೇಡ ಎಂದು ವಾಪಸ್ ಮಾಡುವುದೂ ಸರಿಯಲ್ಲ, ಹಾಗೆ ಮಾಡಿದರೆ ನೀವೇ ಬಾಡಿಗೆ ನಿರಾಕರಿಸಿದಿರಿ ಎಂದಾಗುತ್ತದೆ. ಹಣ ಇಟ್ಟುಕೊಳ್ಳಿ. ಇವತ್ತೇ ಒಂದು ಸಂದೇಶ ಕಳಿಸಿ. ಸರಳವಾಗಿ ಹೀಗೆ ಬರೆದರೆ ಸಾಕು:

"ಜುಲೈ ಮತ್ತು ಆಗಸ್ಟ್ ಬಾಡಿಗೆಗೆ ನೀವು ಹಾಕಿದ 10,000ದಂತೆ ಒಟ್ಟು 20,000 ರೂಪಾಯಿ ಬಂದಿದೆ. ಇದನ್ನು ಭಾಗಶಃ ಪಾವತಿ ಎಂದು ತೆಗೆದುಕೊಂಡಿದ್ದೇನೆ. ಕರಾರಿನ ಬಾಡಿಗೆ 14,000 ಹಾಗೇ ಇದೆ, ಬದಲಾಗಿಲ್ಲ. ಕೋಣೆ ಸೋರುವ ಬಗ್ಗೆ ನೀವು ಹೇಳಿದ್ದು ಗಮನದಲ್ಲಿದೆ. ಅದಕ್ಕೆ ಎಷ್ಟು ಬಿಡಬೇಕು ಎಂದು ಕೂತು ಲೆಕ್ಕ ಮಾಡುವ. ಭಾನುವಾರ ಕೋಣೆ ನೋಡಲು ಬರಬಹುದಾ?"

ಇದರಲ್ಲಿ ಬೈಗುಳವಿಲ್ಲ, ಬೆದರಿಕೆಯಿಲ್ಲ. ಆದರೂ ನಿಮ್ಮ ಹಕ್ಕು ಉಳಿಯಿತು. ಕೊನೆಯ ಎರಡು ಸಾಲು ಮುಖ್ಯ. ನೀವು ಕೋಣೆ ನೋಡಲು ಸಿದ್ಧರಿದ್ದೀರಿ ಎಂಬುದು ಬರಹದಲ್ಲಿ ಬರುತ್ತದೆ.

ಇನ್ನು ರೆಂಟ್ ಕಂಟ್ರೋಲ್ ಬೆದರಿಕೆ. ಅದಕ್ಕೆ ಹೆದರಬೇಕಾಗಿಲ್ಲ. 1961ರ ಹಳೇ ಬಾಡಿಗೆ ನಿಯಂತ್ರಣ ಕಾಯ್ದೆ ಹೋಗಿ, ಕರ್ನಾಟಕ ಬಾಡಿಗೆ ಕಾಯ್ದೆ, 1999 ಬಂದಿದೆ. ಅದು 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಆ ಕಾಯ್ದೆಗೆ ಬಾಡಿಗೆಯ ಮಿತಿ ಇದೆ, ಊರನ್ನು ನೋಡಿ ತಿಂಗಳಿಗೆ 3,500 ಅಥವಾ 2,000 ರೂಪಾಯಿ. ಅದಕ್ಕಿಂತ ಹೆಚ್ಚು ಬಾಡಿಗೆಯ ಮನೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ನಿಮ್ಮದು 14,000. ಆದ್ದರಿಂದ ನಿಮ್ಮಿಬ್ಬರಿಗೂ ಅನ್ವಯಿಸುವುದು ನೀವು ಸಹಿ ಹಾಕಿದ ಕರಾರು, ಮತ್ತು ಕರಾರು ಮೌನವಾಗಿರುವಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಇದು ನಿಮಗೆ ಪೂರ್ತಿ ಅನುಕೂಲ ಎಂದುಕೊಳ್ಳಬೇಡಿ. ಅದೇ 1882ರ ಕಾಯ್ದೆಯಲ್ಲಿ ಬಾಡಿಗೆದಾರರ ಕೈಗೂ ಒಂದು ಹಕ್ಕು ಕೊಟ್ಟಿದ್ದಾರೆ.

108ನೇ ಕಲಂ ನೋಡಿ. ಮಾಲೀಕರು ಮಾಡಿಸಬೇಕಾದ ರಿಪೇರಿ ಇದ್ದು, ತಿಳಿಸಿದ ಮೇಲೂ ಸರಿಯಾದ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಅದರ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಿಂದ ಕಳೆಯಬಹುದು. ನಿಮ್ಮ ಕರಾರು ತೆಗೆದು ನೋಡಿ. ನಮ್ಮಲ್ಲಿ ಬರೆಸುವ ಹೆಚ್ಚಿನ ಕರಾರುಗಳಲ್ಲಿ ದೊಡ್ಡ ರಿಪೇರಿ ಮಾಲೀಕರದ್ದು, ಸಣ್ಣಪುಟ್ಟದ್ದು ಬಾಡಿಗೆದಾರರದ್ದು ಎಂದು ಇರುತ್ತದೆ. ಹೊರಗೋಡೆಯಿಂದ ನೀರು ಒಳಗೆ ಬರುವುದು ದೊಡ್ಡ ರಿಪೇರಿಯೇ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಗಮನಿಸಿ, ಅವರು ಮಾಡಿದ್ದು ಇದಲ್ಲ. ಅವರು ಕೆಲಸ ಮಾಡಿಸಿ ಬಿಲ್ ಕೊಟ್ಟಿಲ್ಲ. ತಾವೇ ಒಂದು ಮೊತ್ತ ನಿಶ್ಚಯಿಸಿ ಹಿಡಿದುಕೊಂಡಿದ್ದಾರೆ, ಮೇಲಿಂದ ಅದನ್ನು ಕಾಯಂ ಮಾಡಿ ಎನ್ನುತ್ತಾರೆ. ಹಾಗೆ ಮಾಡಲು ಆ ಕಲಂ ಅವಕಾಶ ಕೊಡುವುದಿಲ್ಲ.

ಹಾಗಾದರೆ ಕೋಣೆ ಬಳಸಲು ಆಗದಿದ್ದರೂ ಪೂರ್ತಿ ಬಾಡಿಗೆ ಕೊಡಬೇಕಾ? ಅದೂ ನ್ಯಾಯವಲ್ಲ. ಸುಪ್ರೀಂ ಕೋರ್ಟಿನ ಒಂದು ಹಳೇ ತೀರ್ಪು ಇದೆ, 1960ರ ದಶಕದ್ದು, ಸುರೇಂದ್ರನಾಥ್ ಬಿಬ್ರಾ ಮತ್ತು ಸ್ಟೀಫನ್ ಕೋರ್ಟ್ ನಡುವಿನದು. ಕಲ್ಕತ್ತಾದ ಒಂದು ಫ್ಲಾಟ್‌ನಲ್ಲಿ ಒಂದು ಬೆಡ್‌ರೂಮನ್ನು ಬಾಡಿಗೆದಾರರಿಗೆ ಬಿಟ್ಟುಕೊಟ್ಟಿರಲಿಲ್ಲ. ಅವರು ಇಡೀ ಬಾಡಿಗೆಯನ್ನೇ ನಿಲ್ಲಿಸಿದರು. ಕೋರ್ಟ್ ಆ ವಾದ ಒಪ್ಪಲಿಲ್ಲ. ಪೂರ್ತಿ ಬಾಡಿಗೆ ಕೊಡಿ ಎಂದೂ ಹೇಳಲಿಲ್ಲ. ಸಿಕ್ಕಿದ ಭಾಗಕ್ಕೆ ತಕ್ಕಷ್ಟು ಬಾಡಿಗೆ ಕೊಡಬೇಕು ಎಂದಿತು. ನಿಮ್ಮ ಪ್ರಕರಣ ಅದೇ ಅಲ್ಲ, ನೀವು ಕೋಣೆ ಕೊಟ್ಟಿದ್ದೀರಿ, ಮಳೆಗೆ ಅದು ಕೆಟ್ಟಿತು. ಆದರೂ ಮನೆಯ ಎಷ್ಟು ಭಾಗ ಕೈ ತಪ್ಪಿತೋ ಅಷ್ಟಕ್ಕೆ ತಕ್ಕ ಬಾಡಿಗೆ ಬಿಡುವುದು ನ್ಯಾಯವಾದ ಅಳತೆ. ನಾನು ಮಾಲೀಕರ ಪರ ಕೂತರೂ ಬಾಡಿಗೆದಾರರ ಪರ ಕೂತರೂ ಇದೇ ಅಳತೆಯಿಂದ ಶುರು ಮಾಡುತ್ತೇನೆ.

ಈಗ ಲೆಕ್ಕ ಹಾಕುವ. ನಿಮ್ಮ ಮನೆಯಲ್ಲಿ ಎರಡು ಬೆಡ್‌ರೂಮು, ಹಾಲು, ಅಡುಗೆಮನೆ. ಒಂದು ಬೆಡ್‌ರೂಮು ಮನೆಯ ಐದನೇ ಒಂದು ಭಾಗ ಎಂದು ಹಿಡಿಯುವ. 14,000ದಲ್ಲಿ ಐದನೇ ಒಂದು ಎಂದರೆ 2,800. ಹಾಸಿಗೆ ಬೇರೆ ಕಡೆ ಹಾಕಬೇಕು, ಕಪಾಟಿನ ಬಟ್ಟೆಗೆ ಬೂಸ್ಟು ಹಿಡಿಯುತ್ತದೆ, ಆ ತೊಂದರೆಯನ್ನೂ ಸೇರಿಸಿ ತಿಂಗಳಿಗೆ 3,000 ಎಂದಿಡಿ. ಜುಲೈ, ಆಗಸ್ಟ್ ಎರಡು ತಿಂಗಳಿಗೆ 6,000. ಅವರು ಹಿಡಿದದ್ದು 8,000. ಅಂದರೆ ನಿಮಗೆ ನಿಜವಾಗಿ ಬರಬೇಕಾದ ಬಾಕಿ 2,000 ರೂಪಾಯಿ ಮಾತ್ರ.

ಎರಡು ತಿಂಗಳಿಂದ ಮೇಲಿನ ಮನೆ, ಕೆಳಗಿನ ಮನೆಯವರು ಮುಖ ಮುಖ ನೋಡದೆ ಮೆಟ್ಟಿಲು ಹತ್ತಿ ಇಳಿಯುತ್ತಿರುವುದು ಈ 2,000ಕ್ಕೆ. ಇದನ್ನು ಕಾಗದದ ಮೇಲೆ ಬರೆದು ಅವರ ಮುಂದಿಟ್ಟರೆ ಅರ್ಧ ಬಿಸಿ ಇಳಿಯುತ್ತದೆ ಎಂಬ ನಂಬಿಕೆ ನನಗಿದೆ. ಕೋಣೆ ಪೂರ್ತಿ ಬಳಸಲು ಆಗುತ್ತಿಲ್ಲವಾ, ಅಥವಾ ಒಂದು ಮೂಲೆ ಮಾತ್ರ ಒದ್ದೆಯಾ ಎಂಬುದನ್ನು ನೀವೇ ಕಣ್ಣಾರೆ ನೋಡಬೇಕು. ಮೂಲೆ ಮಾತ್ರವಾದರೆ 1,500 ಸಾಕು. ಚಾವಣಿಯಿಂದ ಮಂಚದ ಮೇಲೆ ನೀರು ತೊಟ್ಟಿಕ್ಕುತ್ತಿದ್ದರೆ 3,000 ಕಡಿಮೆಯೇ ಆಯಿತು.

ಅದಕ್ಕೇ, ಭಾನುವಾರ ಹೋಗಿ ನೋಡಿ. ಫೋನಿನಲ್ಲಿ ಫೋಟೊ ತೆಗೆಯಿರಿ, ಗೋಡೆಯ ಒಳಗಿನದು, ಹೊರಗಿನದು ಎರಡೂ. ಜೊತೆಗೆ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ, ತಮ್ಮನನ್ನಲ್ಲ.

ರಿಪೇರಿಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಏಕೆಂದರೆ ನಮ್ಮ ಕರಾವಳಿಯಲ್ಲಿ ಬಾಡಿಗೆ ಜಗಳಗಳ ಬೇರು ಎಷ್ಟೋ ಸಲ ಗೋಡೆಯಲ್ಲೇ ಇರುತ್ತದೆ. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿ ಪಡುವಣದಿಂದ ಬೀಸಿ ಮಳೆಯನ್ನು ಗೋಡೆಗೆ ಹೊಡೆಯುತ್ತದೆ. ಮುರಕಲ್ಲು ತೂತು ತೂತಾದ ಕಲ್ಲು, ನೀರು ಹೀರುತ್ತದೆ. ಹೊರಗಿನ ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಒಳಗೋಡೆ ವಾರದಲ್ಲಿ ಕಪ್ಪಾಗುತ್ತದೆ.

ಮೇಸ್ತ್ರಿಯಿಂದ ಮೊದಲು ತಿಳಿಯಬೇಕಾದದ್ದು ನೀರು ಎಲ್ಲಿಂದ ಬರುತ್ತಿದೆ ಎಂದು. ಮಳೆ ನಿಂತು ಎರಡು ಮೂರು ದಿನ ಬಿಸಿಲು ಬಂದರೂ ಒದ್ದೆ ಹೆಚ್ಚುತ್ತಲೇ ಇದ್ದರೆ ಬಾತ್‌ರೂಮಿನ ಪೈಪ್ ಒಡೆದಿರಬಹುದು, ಮಳೆಯ ತಪ್ಪಲ್ಲ. ಗೋಡೆಯ ಮೇಲ್ಭಾಗ, ಚಾವಣಿ ಸೇರುವ ಜಾಗದಲ್ಲಿ ಶುರುವಾಗಿದ್ದರೆ ತಾರಸಿ ನೋಡಬೇಕು. ನೀರು ಇಳಿಯುವ ಕೊಳವೆಗೆ ಎಲೆ, ಪಾಚಿ ಕಟ್ಟಿಕೊಂಡು ತಾರಸಿಯಲ್ಲಿ ನೀರು ನಿಂತಿದ್ದರೆ, ಅದನ್ನು ಒಂದು ಬೆಳಿಗ್ಗೆಯಲ್ಲಿ ತೆಗೆಯಬಹುದು. ಕಿಟಕಿಯ ಪಕ್ಕದಲ್ಲಿ ಶುರುವಾಗಿದ್ದರೆ ಸಜ್ಜಾ ಮತ್ತು ಕಿಟಕಿ ಚೌಕಟ್ಟಿನ ಸುತ್ತ ನೋಡಿ.

ನೀವು ಮಳೆ ಬಿಟ್ಟ ಮೇಲೆ ನೋಡುವ ಎಂದದ್ದರಲ್ಲಿ ಅರ್ಧ ಸತ್ಯವಿದೆ. ಹೊರಗೋಡೆಯ ಬಿರುಕು ಕೊರೆದು ತುಂಬಿ, ಗಾರೆ ಹಾಕಿ, ನೀರು ತಡೆಯುವ ಬಣ್ಣ ಬಳಿಯಲು ಗೋಡೆ ಒಣಗಿರಲೇಬೇಕು. ಅದು ಮಳೆ ನಿಂತ ಮೇಲಿನ ಕೆಲಸ. ಈಗ ಒದ್ದೆ ಗೋಡೆಗೆ ಒಳಗಿನಿಂದ ಪುಟ್ಟಿ ಬಳಿಸಿದರೆ ಸಿಪ್ಪೆ ಏಳುತ್ತದೆ, ದುಡ್ಡು ದಂಡ. ಆದರೆ ಅಲ್ಲಿಯವರೆಗೆ ಏನೂ ಮಾಡಲಾಗದು ಎನ್ನುವುದು ಸರಿಯಲ್ಲ. ಆ ಗೋಡೆಗೆ ಹೊರಗಿನಿಂದ ಟಾರ್ಪಾಲು ಇಳಿಬಿಡಬಹುದು, ಅಥವಾ ಬಿದಿರು ಕಟ್ಟಿ ಶೀಟ್ ಮರೆ ಮಾಡಬಹುದು. ನಮ್ಮ ಅಜ್ಜ ಅಜ್ಜಿಯರು ಪಡುವಣ ಗೋಡೆಗೆ ಮಡಲು (ತೆಂಗಿನ ಗರಿ) ಕಟ್ಟುತ್ತಿದ್ದದ್ದು ಇದಕ್ಕೇ ಅಲ್ವಾ? ಆ ಕೋಣೆಯ ಮಂಚ, ಕಪಾಟನ್ನು ಒದ್ದೆ ಗೋಡೆಯಿಂದ ದೂರ ಸರಿಸಲು ಒಬ್ಬ ಆಳನ್ನು ನೀವೇ ಕಳಿಸಬಹುದು. ಇಷ್ಟು ಮಾಡಿದರೆ ನೀರು ಪೂರ್ತಿ ನಿಲ್ಲದಿರಬಹುದು, ಆದರೆ ನೀವು ಕೈ ಕಟ್ಟಿ ಕೂತಿಲ್ಲ ಎಂಬುದು ಅವರಿಗೂ ಕಾಣುತ್ತದೆ, ಮುಂದೆ ಬೇಕಾದರೆ ಕೋರ್ಟಿಗೂ ಕಾಣುತ್ತದೆ. ಮೇಸ್ತ್ರಿಯ ಅಂದಾಜು ಪಟ್ಟಿ, ಟಾರ್ಪಾಲಿನ ಬಿಲ್ ಎಲ್ಲ ತೆಗೆದಿಡಿ.

ಇನ್ನು ಹಿಂದಿನ ರಸ್ತೆಯ 11,000 ರೂಪಾಯಿಯ ಫ್ಲಾಟ್. ಕರಾರಿನ ಅವಧಿಯೊಳಗೆ ಮಾರುಕಟ್ಟೆ ಇಳಿಯಿತು ಎಂದು ಬಾಡಿಗೆ ಇಳಿಸಬೇಕೆಂದಿಲ್ಲ. ಮಾರುಕಟ್ಟೆ ಏರಿತು ಎಂದು ಮಾರ್ಚ್‌ನಲ್ಲಿ ನೀವು 16,000 ಕೇಳಿದ್ದರೆ ಅವರು ಕೊಡುತ್ತಿದ್ದರಾ? ಇಬ್ಬರಿಗೂ ಒಂದೇ ನಿಯಮ. ಆದರೆ ನಿಮ್ಮ ಕರಾರು ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಅಕ್ಟೋಬರ್‌ನಿಂದ ಮುಂದಿನ ಬಾಡಿಗೆ ಎಷ್ಟು ಎಂಬ ಮಾತು ಹೇಗೂ ಬರುತ್ತದೆ, ಆಗ ಈ ಫ್ಲಾಟ್‌ನ ವಿಷಯವೂ ಬರುತ್ತದೆ. ಈಗಲೇ ತಯಾರಾಗಿ.

ನೀವೇ ಒಮ್ಮೆ ವಿಚಾರಿಸಿ. ಆ 11,000ದ ಮೇಲೆ ಮೆಂಟೆನೆನ್ಸ್ ಬೇರೆ ಇದೆಯಾ? ಫ್ಲಾಟ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಕಾರು ನಿಲ್ಲಿಸಲು ಜಾಗ ಇದೆಯಾ? ಎಷ್ಟನೇ ಮಹಡಿ, ಲಿಫ್ಟ್ ಇದೆಯಾ? ಮುಖ್ಯವಾಗಿ ನೀರು. ನಿಮ್ಮ ಜಾಗದಲ್ಲಿ ಬಾವಿ ಇದ್ದು ಬೇಸಗೆಯಲ್ಲೂ ಬತ್ತದಿದ್ದರೆ ಅದಕ್ಕೆ ಬೆಲೆಯಿದೆ. ಮಂಗಳೂರಿಗೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ. 2019ರ ಬೇಸಗೆಯಲ್ಲಿ ಎರಡೂ ಊರಲ್ಲಿ ಸರದಿಯಂತೆ ನೀರು ಬಿಟ್ಟದ್ದು ಎಲ್ಲರಿಗೂ ನೆನಪಿರಬಹುದು. ಆಗ ಬಾವಿ ಇದ್ದ ಮನೆಯವರಿಗೂ ಟ್ಯಾಂಕರ್ ಕಾದವರಿಗೂ ಇದ್ದ ವ್ಯತ್ಯಾಸ ದೊಡ್ಡದು. ಇದೆಲ್ಲ ಕೂಡಿಸಿ ಕಳೆದು ನೋಡಿದಾಗ 14,000 ಸರಿಯೇ ಎಂದು ಕಾಣಬಹುದು. ಅಥವಾ ಸ್ವಲ್ಪ ಜಾಸ್ತಿಯೇ ಆಯಿತು ಎಂದೂ ಕಾಣಬಹುದು. ಹಾಗೆ ಕಂಡರೆ ಒಪ್ಪಿಕೊಳ್ಳುವುದರಲ್ಲಿ ಅವಮಾನವಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಇವರು ಬಿಟ್ಟು ಹೋದರೆ? ಮನೆ ಹುಡುಕುವ ಕುಟುಂಬಗಳು ಹೆಚ್ಚಾಗಿ ಬರುವುದು ಏಪ್ರಿಲ್, ಮೇಯಲ್ಲಿ, ಜೂನ್‌ಗೆ ಶಾಲೆ ಶುರುವಾಗುವ ಮೊದಲು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿ ತಿಂಗಳಲ್ಲಿ ಮನೆ ಬದಲಿಸಲು ನಮ್ಮವರು ಒಪ್ಪುವುದಿಲ್ಲ. ಅಕ್ಟೋಬರ್‌ನಲ್ಲಿ, ಗೋಡೆ ಒದ್ದೆಯಾಗಿ ಕಲೆ ಬಿದ್ದ ಮನೆಯನ್ನು ತೋರಿಸಿದರೆ ಯಾರು ತಕ್ಷಣ ಒಪ್ಪುತ್ತಾರೆ? ಎರಡು ತಿಂಗಳು ಖಾಲಿ ಬಿದ್ದರೆ 28,000 ಹೋಯಿತು. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಬಣ್ಣದ ಖರ್ಚು ಬೇರೆ. ತಿಂಗಳಿಗೆ 1,000 ಇಳಿಸಿ ಇವರನ್ನೇ ಉಳಿಸಿಕೊಂಡರೆ 11 ತಿಂಗಳಿಗೆ ನಿಮಗೆ ಕಡಿಮೆಯಾಗುವುದು 11,000. ಜೂನ್‌ವರೆಗೆ ಸರಿಯಾಗಿ ಬಾಡಿಗೆ ಕೊಟ್ಟು, ಮನೆ ಚೆನ್ನಾಗಿ ಇಟ್ಟುಕೊಂಡವರಾದರೆ ನಾನು ಉಳಿಸಿಕೊಳ್ಳುವ ಕಡೆಗೇ ಇದ್ದೇನೆ. ಅವರು ಕೇಳುವ 10,000ಕ್ಕೆ ಅಲ್ಲ, 13,000ಕ್ಕೋ 13,500ಕ್ಕೋ. ಅದೂ ಗೋಡೆ ರಿಪೇರಿಯಾದ ಮೇಲೆ, ಹೊಸ ಕರಾರಿನಲ್ಲಿ.

ಸಂಬಳದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಆದಾಯ ಕಡಿಮೆಯಾದ ಮಾತ್ರಕ್ಕೆ ಬಾಡಿಗೆ ಮಾಫಿಯಾಗುವುದಿಲ್ಲ. ಕೋವಿಡ್ ಲಾಕ್‌ಡೌನ್ ಕಾಲದಲ್ಲಿ, 2020ರ ಮೇಯಲ್ಲಿ, ದೆಹಲಿಯ ಖಾನ್ ಮಾರ್ಕೆಟ್‌ನ ಒಂದು ಅಂಗಡಿಯ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಇದನ್ನೇ ಹೇಳಿತು. ಅಂಗಡಿ ಮುಚ್ಚಿತ್ತು ಎಂದು ಬಾಡಿಗೆ ನಿಲ್ಲಿಸಲು ಒಪ್ಪಲಿಲ್ಲ, ಕಟ್ಟಲು ಸ್ವಲ್ಪ ಸಮಯ ಮಾತ್ರ ಕೊಟ್ಟಿತು. ನೀವೂ ಅಷ್ಟೇ ಮಾಡಿ. ತಿಂಗಳ 5ರ ಬದಲು 15ಕ್ಕೆ ಹಾಕಲಿ. ಆ ಮನೆಯ ಕಷ್ಟ ನಿಜವೇ ಇರಬಹುದು, ಹತ್ತು ದಿನ ತಾಳಿದರೆ ನಿಮಗೆ ನಷ್ಟವಿಲ್ಲ.

ಮಾತಾಡಲು ಕೂರುವಾಗ ಕ್ರಮ ಮುಖ್ಯ. ಬಾಕಿಯಿಂದ ಶುರು ಮಾಡಬೇಡಿ, ಗೋಡೆಯಿಂದ ಶುರು ಮಾಡಿ. ಮೊದಲು ಕೋಣೆ ನೋಡಿ, ಏನು ಮಾಡಿಸುತ್ತೀರಿ, ಯಾವಾಗ ಎಂದು ಹೇಳಿ. ಆಮೇಲೆ 3,000ದ ಲೆಕ್ಕ ತೋರಿಸಿ. ಅವರು ಒಪ್ಪಿದ ಮೇಲೆ 2,000 ಬಾಕಿಯ ಮಾತು ಎತ್ತಿ. ಮುಂದಿನ ವರ್ಷದ ಬಾಡಿಗೆ ಕೊನೆಗೆ. ಗಂಡ ಮನೆಯಲ್ಲಿಲ್ಲ ಎಂದು ನಿಮ್ಮ ಮಾತಿಗೆ ಬೆಲೆ ಕಡಿಮೆಯಿಲ್ಲ. ಮನೆ ನಿಮ್ಮದು, ಕರಾರಿಗೆ ಸಹಿಯೂ ನಿಮ್ಮದೇ ಇರಬೇಕು. ದುಬೈಗೆ ಫೋನ್ ಮಾಡಿ ಅವರ ಕೈಯಲ್ಲಿ ಹೇಳಿಸುತ್ತೇನೆ ಎಂದರೆ ಮಾತು ಇನ್ನೊಂದು ತಿಂಗಳು ಎಳೆಯುತ್ತದೆ. ನೀವೇ ಮುಗಿಸಿ.

ಒಪ್ಪಿದ್ದನ್ನು ಅದೇ ದಿನ ಒಂದು ಹಾಳೆಯಲ್ಲಿ ಬರೆಯಿರಿ. ಜುಲೈ 1ರಿಂದ ಕೋಣೆ ಸರಿಯಾಗುವವರೆಗೆ ತಿಂಗಳಿಗೆ 3,000 ತಾತ್ಕಾಲಿಕ ರಿಯಾಯಿತಿ. ಕರಾರಿನ ಬಾಡಿಗೆ 14,000ವೇ. ರಿಪೇರಿ ಮುಗಿದ ಮರುದಿನದಿಂದ ರಿಯಾಯಿತಿ ನಿಲ್ಲುತ್ತದೆ. ಇವತ್ತಿನವರೆಗಿನ ಬಾಕಿ 2,000, ಇಂತಹ ತಾರೀಕಿಗೆ ಕೊಡುವುದು. ರಿಪೇರಿಗೆ ಆಳುಗಳು ಬಂದಾಗ ಕೋಣೆ ತೆರವು ಮಾಡಿಕೊಡುವುದು ಅವರ ಜವಾಬ್ದಾರಿ. ಈ ಕೊನೆಯ ಸಾಲನ್ನು ಬಿಡಬೇಡಿ. ಕೆಲಸಕ್ಕೆ ಒಳಗೆ ಬಿಡದೆ ರಿಯಾಯಿತಿ ಮಾತ್ರ ಮುಂದುವರಿಸಿದ ಪ್ರಸಂಗಗಳನ್ನು ನೋಡಿದ್ದೇನೆ. ಇಬ್ಬರೂ ಸಹಿ ಹಾಕಿ, ತಾರೀಕು ಹಾಕಿ, ಆಚೀಚೆ ಮನೆಯ ಒಬ್ಬರ ಸಾಕ್ಷಿ ಸಹಿ ಇರಲಿ. ಹಾಳೆಯ ಫೋಟೊ ಇಬ್ಬರ ಫೋನಿನಲ್ಲೂ ಇರಲಿ.

ಇಷ್ಟೆಲ್ಲ ಮಾಡಿದರೂ ಅವರು 10,000ಕ್ಕೇ ಪಟ್ಟು ಹಿಡಿದರೆ ಏನು? ಅವಧಿಯ ಮಧ್ಯದಲ್ಲಿ ಬಿಡಿಸಲು ಹೋಗುವುದು ದಂಡ. ಬಾಡಿಗೆ ಬಾಕಿಯಾದರೆ ಕರಾರು ರದ್ದು ಎಂಬ ಷರತ್ತು ನಿಮ್ಮ ಕರಾರಿನಲ್ಲಿ ಇದ್ದರೂ, ಬಾಡಿಗೆದಾರರು ಕೋರ್ಟಿನಲ್ಲಿ ಬಾಕಿ, ಬಡ್ಡಿ, ಖರ್ಚು ಕಟ್ಟಿದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 114ನೇ ಕಲಮಿನಂತೆ ಕರಾರು ರದ್ದಾಗದಂತೆ ಕೋರ್ಟ್ ಅವರನ್ನು ಉಳಿಸಬಹುದು. ಮೊತ್ತವೂ ಸಣ್ಣದು. ಅದರ ಬದಲು ಸೆಪ್ಟೆಂಬರ್ 30 ನಿಮ್ಮ ಕೈಯಲ್ಲಿದೆ. ಕರಾರು ಮುಂದುವರಿಸುವುದಿಲ್ಲ, ಆ ದಿನ ಮನೆ ಬಿಟ್ಟುಕೊಡಬೇಕು ಎಂದು ಈಗಲೇ ವಕೀಲರಿಂದ ನೋಟಿಸ್ ಬರೆಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅವಧಿ ಮುಗಿದರೆ ಕರಾರು ತಾನಾಗಿ ಮುಗಿಯುತ್ತದೆ, ಆದರೂ ಬರಹದಲ್ಲಿ ಇರುವುದು ಒಳ್ಳೆಯದು. ಏಕೆಂದರೆ ಅಕ್ಟೋಬರ್‌ನಲ್ಲಿ ಅವರು ಹಾಕಿದ ಬಾಡಿಗೆಯನ್ನು ನೀವು ಮಾತಿಲ್ಲದೆ ತೆಗೆದುಕೊಂಡರೆ, ಅದೇ ಕಾಯ್ದೆಯ 116ನೇ ಕಲಮಿನಂತೆ ತಿಂಗಳ ಬಾಡಿಗೆಯಾಗಿ ಅದು ಮುಂದುವರಿಯುತ್ತದೆ. ಆಮೇಲೆ ಬಿಡಿಸಲು ಮತ್ತೆ 15 ದಿನಗಳ ನೋಟಿಸ್ ಕೊಡಬೇಕು. ಬಾಡಿಗೆ 14,000ವೋ 10,000ವೋ ಎಂಬ ವಾದವೂ ಹೊಸದಾಗಿ ಹುಟ್ಟುತ್ತದೆ.

ದಾವೆ ಹಾಕುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡಿ. ಕೇಸು ದಾಖಲಾಗುವ ಮೊದಲೇ ಇಬ್ಬರನ್ನೂ ಕರೆದು ಮಾತಾಡಿಸುವ ವ್ಯವಸ್ಥೆ ಅಲ್ಲಿದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲ ಇರುತ್ತದೆ, ಮೇಲ್ಮನವಿ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ನೀವು ಅದನ್ನು ಕೇಳಬಹುದು, ಸಂಕೋಚ ಬೇಡ. ಪೊಲೀಸ್ ಠಾಣೆಗೆ ಹೋಗಿ ಪ್ರಯೋಜನವಿಲ್ಲ, ಇದು ಸಿವಿಲ್ ವಿಷಯ.

ಹೊಸ ಕರಾರು ಬರೆಸುವಾಗ, ಇವರಿಗಾಗಲಿ ಬೇರೆಯವರಿಗಾಗಲಿ, ರಿಪೇರಿಯ ಕಲಮನ್ನು ಒಂದೇ ಸಾಲಿನಲ್ಲಿ ಮುಗಿಸಬೇಡಿ. 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ಎಂದು ಒಂದನ್ನು ಹೊರತಂದಿತು. ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಜಾರಿ. ಆದರೆ ಅದರ ರಿಪೇರಿ ಪಟ್ಟಿ ತುಂಬ ಉಪಯುಕ್ತ. ಕಟ್ಟಡದ ರಿಪೇರಿ, ಸುಣ್ಣ ಬಣ್ಣ, ನೀರಿನ ಪೈಪ್, ವೈರಿಂಗ್ ಮಾಲೀಕರಿಗೆ. ನಲ್ಲಿಯ ವಾಷರ್, ಚರಂಡಿ ಸ್ವಚ್ಛ, ಸ್ವಿಚ್ಚು, ಗೀಸರ್, ಬಾಗಿಲ ಚಿಲಕ, ಕಿಟಕಿ ಗಾಜು ಬಾಡಿಗೆದಾರರಿಗೆ. ಮಾಲೀಕರು ರಿಪೇರಿ ಮಾಡದಿದ್ದರೆ ಬಾಡಿಗೆದಾರರು ಮಾಡಿಸಿ ಕಳೆಯಬಹುದು, ಆದರೆ ಒಂದು ತಿಂಗಳಲ್ಲಿ ಅರ್ಧ ಬಾಡಿಗೆಗಿಂತ ಜಾಸ್ತಿ ಕಳೆಯುವಂತಿಲ್ಲ ಎಂಬ ಮಿತಿಯೂ ಅದರಲ್ಲಿದೆ. ಇದನ್ನೇ ನಿಮ್ಮ ಕರಾರಿಗೆ ಇಳಿಸಿಕೊಳ್ಳಿ. ಜೊತೆಗೆ ನಮ್ಮ ಊರಿಗೆ ಬೇಕಾದ ಎರಡು ಸಾಲು ಸೇರಿಸಿ: ಪ್ರತಿ ವರ್ಷ ಮೇ 15ರ ಒಳಗೆ ಮಾಲೀಕರು ತಾರಸಿ, ಕೊಳವೆ, ಪಡುವಣ ಗೋಡೆ ನೋಡಿಸಬೇಕು, ಸೋರುವುದನ್ನು ಲಿಖಿತವಾಗಿ ತಿಳಿಸಿದ ಏಳು ದಿನದೊಳಗೆ ಮಾಲೀಕರು ಬಂದು ನೋಡಿ ತಾತ್ಕಾಲಿಕ ವ್ಯವಸ್ಥೆ ಮಾಡಬೇಕು, ಅಲ್ಲಿಯವರೆಗೆ ಬಾಡಿಗೆದಾರರು ತಾವಾಗಿ ಬಾಡಿಗೆ ಮುರಿಯುವಂತಿಲ್ಲ. ಅವಧಿ 11 ತಿಂಗಳೇ ಇರಲಿ. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಹೊಸ ಕರಾರಿಗೆ ಸಹಿ ಹಾಕುವ ದಿನ ಎರಡೂ ಬೆಡ್‌ರೂಮಿನ ಗೋಡೆಗಳ ಫೋಟೊ ತೆಗೆದು, ಪ್ರಿಂಟ್ ಮಾಡಿ, ಇಬ್ಬರ ಸಹಿಯೊಂದಿಗೆ ಕರಾರಿಗೆ ಲಗತ್ತಿಸಿ.